ಸಣ್ಣ ಉರಿಯ ಕೌಜುಗ

"ಮುಚ್ಚಳ ತೆಗೀರಿ."

ಹೆಂಗಸರ ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ಅವಳು ಹೇಳಿದಳು. ಎದುರಿಗಿದ್ದವನು ಬಟ್ಟೆ ಸುತ್ತಿದ ದಪ್ಪ ತಳದ ಪಾತ್ರೆಯೊಂದನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡಿದ್ದ.

"ತೆಗೆದ್ರೆ ಆರಿಹೋಗುತ್ತೆ ಮೇಡಂ."

"ತೆಗೆಯದಿದ್ರೆ ಒಳಗೇ ಹೋಗಲ್ಲ. ರೋಗಿಗಳ ಊಟಕ್ಕೆ ಜವಾಬ್ದಾರಿ ನಾನು."

ಒಳಗಿನ ಮಂಚದಿಂದ ಅವನ ಅಕ್ಕ ಕೂಗಿದಳು. "ಏ ನಿಧಾನಿ, ತೆಗೆದು ತೋರ್ಸೋ! ಅವರು ಕ್ಯಾಲೊರಿ ಮೇಡಂ. ಬೀಸೋ ಗಾಳಿಯಲ್ಲೂ ಜಿಡ್ಡು ಎಷ್ಟಿದೆ ಅಂತ ಹೇಳಿಬಿಡ್ತಾರೆ."

ವಾರ್ಡಿಗೆ ವಾರ್ಡೇ ನಕ್ಕಿತು. ತನಗೆ ಹೀಗೊಂದು ಅಡ್ಡಹೆಸರಿದೆ ಎಂಬುದು ಡಯಟಿಷಿಯನ್‌ಗೆ ಗೊತ್ತಾದದ್ದೇ ಆಗ. ಅವಳು ನಗು ತಡೆದುಕೊಂಡು ಮುಖ ಗಂಟು ಹಾಕಿಕೊಂಡಳು. ಅವನು ಮುಚ್ಚಳ ತೆಗೆದ.

ಹಬೆ ಮೊದಲು ಅವಳ ಕನ್ನಡಕಕ್ಕೆ ಬಡಿಯಿತು. ಆಮೇಲೆ ವಾಸನೆ. ಕರಗಿಹೋದ ಈರುಳ್ಳಿ, ಜಜ್ಜಿದ ಮೆಣಸು, ಅದರಡಿಯಲ್ಲಿ ಕಾಡಿನ ತರಗೆಲೆಯದೋ ಒದ್ದೆ ಮಣ್ಣಿನದೋ ಎನ್ನಬಹುದಾದ ಗಾಢ ಘಮಲು. ಕೋಳಿಯದಲ್ಲ.

"ಕೌಜುಗ ಮೇಡಂ. ನಿನ್ನೆ ಮಧ್ಯಾಹ್ನ ಒಲೆ ಮೇಲಿಟ್ಟಿದ್ದು. ಸಾಕಿದ ಕೋಳಿ ಕೂತಲ್ಲೇ ತಿಂದು ಕೊಬ್ಬುತ್ತೆ. ಇದು ಓಡಿ ಹಾರಿ ಬದುಕಿದ ಹಕ್ಕಿ. ಎದೆ ಮಾಂಸ ಬೇಗ ಬೇಯುತ್ತೆ, ಅದನ್ನ ಮೊದಲೇ ತೆಗೆದಿಡಬೇಕು. ಕಾಲು ಮಾತ್ರ ಬಲು ಹಟಮಾರಿ. ಜೋರು ಉರಿಗೆ ಹೆದರಲ್ಲ, ರಬ್ಬರಾಗಿ ಕೂರುತ್ತೆ. ಸಣ್ಣ ಉರಿಯಲ್ಲಿ ಕಾಯ್ತಾ ಕೂತ್ರೆ ತಾನೇ ಸೋಲುತ್ತೆ."

ಅವಳು ಚಮಚದ ತುದಿಯಲ್ಲಿ ಒಂದೆಳೆ ಮಾಂಸ ತೆಗೆದು ನಾಲಗೆಯ ಮೇಲಿಟ್ಟುಕೊಂಡಳು. ಅಗಿಯುವ ಕೆಲಸವೇ ಇರಲಿಲ್ಲ. ತಲೆ ಎತ್ತಿದರೆ ಅವನು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.

"ನನ್ನ ಮುಖದಲ್ಲೇನು ನೋಡ್ತೀರಿ?"

"ಉಪ್ಪು."

"ಏನು?"

"ಉಪ್ಪು ಸರಿಯಾಗಿದ್ಯಾ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಬಾಯಲ್ಲಿ ಎಲ್ಲರೂ ಚೆನ್ನಾಗಿದೆ ಅಂತಾನೇ ಹೇಳೋದು."

ಅವಳು ದಾರಿ ಬಿಟ್ಟಳು.

ಅವನು ಊರಾಚೆಯ ಶಿಕಾರಿ ಕ್ಲಬ್ಬಿನ ಬಾಣಸಿಗ. ಸರ್ಕಾರ ಬೇಟೆಗೆ ಲೈಸೆನ್ಸ್ ಕೊಡುವ ಹಂಗಾಮಿನಲ್ಲಿ ಅಲ್ಲಿ ಬಂದೂಕು ಹಿಡಿಯುವವರು ಯಾರೂ ಹಸಿದವರಲ್ಲ. ಕೊಂದದ್ದನ್ನು ಸಾಲಾಗಿ ಹುಲ್ಲಿನ ಮೇಲೆ ಮಲಗಿಸಿ ಫೋಟೊ ತೆಗೆಸಿಕೊಳ್ಳುವುದೇ ಅವರ ಹಸಿವು. ನೀಟಾಗಿ ಬಿದ್ದ ಹಕ್ಕಿ ಅವರ ಟೇಬಲ್ಲಿಗೆ. ತೀರ ಹತ್ತಿರದಿಂದ ಹೊಡೆಸಿಕೊಂಡು ಚಿಂದಿಯಾದದ್ದು ಅಡುಗೆಮನೆಯ ಆಳುಗಳಿಗೆ. ಆ ಕ್ಲಬ್ಬಿನ ಹಳೆಯ ರೂಢಿ ಅದು. ಇದಕ್ಕೆ ಅವರು ಔದಾರ್ಯ ಎಂದು ಹೆಸರಿಟ್ಟಿದ್ದರು.

ವಾರ್ಡಿನ ಹೆಂಗಸರೆಲ್ಲ ಒಂದೇ ಲಾಂಡ್ರಿಯವರು. ಹೋಟೆಲುಗಳ ಚಾದರ ಒಗೆದು, ಇಸ್ತ್ರಿ ಹಾಕಿ, ಹಬೆಯಲ್ಲಿ ನಿಂತು ನಿಂತು ಮೈಯಲ್ಲಿ ರಕ್ತವೇ ಇಲ್ಲದಂತಾದವರು. ಆ ಲಾಂಡ್ರಿಯ ಮಾಲೀಕನೂ ಕ್ಲಬ್ಬಿನ ಸದಸ್ಯನೇ. ಅವನ ಗುರಿ ಬಹಳ ಚೆನ್ನಾಗಿದೆಯೆಂದು ಹೊಗಳುತ್ತಿದ್ದರು.

ಕಬ್ಬಿಣದ ಮಾತ್ರೆ ನುಂಗಿದರೆ ವಾಂತಿ ಮಾಡುತ್ತಿದ್ದ ಈ ಹೆಂಗಸರಿಗೆ ಏನು ತಿನ್ನಿಸುವುದೆಂದು ಡಯಟಿಷಿಯನ್ ತಲೆ ಕೆಡಿಸಿಕೊಂಡಿದ್ದಳು. ಕೌಜುಗದಲ್ಲಿ ಕೊಬ್ಬು ಕಡಿಮೆ, ಕಾಲಿನ ಕಪ್ಪು ಮಾಂಸದಲ್ಲಿ ಕಬ್ಬಿಣ ಹೆಚ್ಚು. ಅವಳು ಆಸ್ಪತ್ರೆಯ ಸೂಪರಿಂಟೆಂಡೆಂಟರ ಬೆನ್ನು ಬಿದ್ದು ಒಪ್ಪಿಗೆ ತಂದಳು. ಅಂದಿನಿಂದ ಚಿಂದಿ ಹಕ್ಕಿಗಳ ಪಾತ್ರೆ ಮೊದಲು ವಾರ್ಡಿಗೆ, ಆಮೇಲೆ ವಾರ್ಡಿನಿಂದ ಕೆಲಸಕ್ಕೆ ಮರಳಿದವರ ಹಿಂದೆಯೇ ಲಾಂಡ್ರಿಯ ಊಟದ ಕೋಣೆಗೆ ಹೋಗತೊಡಗಿತು.

ರಜೆಯ ದಿನ ಅವಳು ಕ್ಲಬ್ಬಿನ ಅಡುಗೆಮನೆಯ ಹಿಂಬಾಗಿಲಲ್ಲಿ ಕಾಣಿಸಿಕೊಂಡಳು.

"ಇನ್ಸ್‌ಪೆಕ್ಷನ್ನಾ?" ಎಂದ ನಿಧಾನಿ.

"ಇನ್ಸ್‌ಪೆಕ್ಷನ್ನೇ."

"ಹಾಗಾದ್ರೆ ತೋಳು ಮಡಚಿ. ನೋಡ್ತಾ ನಿಲ್ಲೋರಿಗೆ ಇಲ್ಲಿ ಜಾಗ ಇಲ್ಲ."

ಪುಕ್ಕ ಕಿತ್ತ ಹಕ್ಕಿಯ ಮೇಲೆ ಅವನ ಬೆರಳುಗಳು ಕುರುಡನ ಬೆರಳುಗಳಂತೆ ನಡೆದವು. ಮಾಂಸದೊಳಗೆ ಏನೋ ಗಟ್ಟಿ ತಾಗಿದಲ್ಲಿ ಚಾಕುವಿನ ತುದಿ ಇಳಿಯುತ್ತಿತ್ತು. ಸಾಸಿವೆಗಿಂತ ತುಸು ದೊಡ್ಡ ಸೀಸದ ಗುಂಡು ತಟ್ಟೆಗೆ ಬೀಳುತ್ತಿತ್ತು, ಟಣ್. ಅವಳೂ ಹುಡುಕಿದಳು. ಎರಡು ಕೈಗಳು ಒಂದೇ ರೆಕ್ಕೆಯ ಬುಡದಲ್ಲಿ ಭೇಟಿಯಾದವು. ಗುಂಡು ಯಾರಿಗೂ ಸಿಗಲಿಲ್ಲ; ಕೈಯನ್ನು ಯಾರೂ ಬೇಗ ತೆಗೆಯಲೂ ಇಲ್ಲ.

"ಎಲ್ಲಾ ಸಿಕ್ತಾ?" ಅವಳು ತಟ್ಟೆ ನೋಡುತ್ತ ಕೇಳಿದಳು.

"ಸಿಕ್ಕಿದ್ದೆಲ್ಲ ಸಿಕ್ತು."

ಅವಳು ನಕ್ಕಳು. ಆ ಉತ್ತರದಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಹಬೆ ಹೊರಹೋಗದಂತೆ ಅವನು ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಲು ಹೊರಟಾಗ ಅವಳೇ ಕೈ ಅಡ್ಡ ಹಿಡಿದಳು. "ತಡಿ. ಒಂದಿಷ್ಟು ವಿನೆಗರ್ ಹಾಕು. ಹುಳಿ ಇದ್ರೆ ಮೂಳೆಯೊಳಗಿನ ಸತ್ವವೆಲ್ಲ ಸಾರಿಗೆ ಇಳಿಯುತ್ತೆ, ಕಬ್ಬಿಣವೂ ಮೈಗೆ ಹತ್ತುತ್ತೆ."

"ಹುಳಿ ಬಿದ್ರೆ ಹಕ್ಕಿ ರುಚಿ ಸತ್ತುಹೋಗುತ್ತೆ."

"ರುಚಿ ನಿಂದು, ರಕ್ತ ನಂದು."

"ಅಬ್ಬಾ! ಮೇಡಂ ಈಗ ನನ್ನನ್ನ ನೀನು ಅಂತಿದ್ದಾರೆ."

"ನೀನೂ ಅನ್ನು. ಬೇಡ ಅಂದೋರ್ಯಾರು?"

ಅವನು ವಿನೆಗರ್ ಸುರಿದ. ಎಷ್ಟು ಸಾಕೆಂದು ಅವಳ ಮುಖ ನೋಡುತ್ತ, ಅವಳು ಕಣ್ಣಲ್ಲೇ ಇನ್ನಷ್ಟು ಎನ್ನುತ್ತ.

ಆ ಹಂಗಾಮಿನುದ್ದಕ್ಕೂ ಅವಳ ರಜೆಗಳೆಲ್ಲ ಆ ಒಲೆಯ ಮುಂದೆ ಕರಗಿದವು. ಪಾತ್ರೆಯೊಳಗೆ ಆಗೊಂದು ಈಗೊಂದು ಗುಳ್ಳೆ ಏಳುವ ಸದ್ದು ಕೇಳುತ್ತ ಇಬ್ಬರೂ ಮರದ ಪೆಟ್ಟಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು.

"ನಿಮ್ಮನೇಲಿ ನನ್ನ ವಿಷಯ ಹೇಳಿದ್ಯಾ?" ಅವನು ಒಮ್ಮೆ ಕೇಳಿದ.

"ಅಮ್ಮ ಕೇಳಿದ್ಲು, ಹುಡುಗ ಏನು ಮಾಡ್ತಾನೆ ಅಂತ. ಕ್ಲಬ್ಬಲ್ಲಿದ್ದಾನೆ ಅಂದೆ. ಮ್ಯಾನೇಜರಾ ಅಂತ ಖುಷಿಪಟ್ಲು."

"ನೀನೇನಂದೆ?"

"ನೀರು ಕುಡೀತಿದ್ದೆ."

ಅವನು ನಕ್ಕ. ಆದರೆ ಎದ್ದು ಹೋಗಿ, ಸರಿಯಾಗಿಯೇ ಇದ್ದ ಉರಿಯನ್ನು ಸುಮ್ಮನೆ ತಿರುವಿ ಬಂದ.

ಹೆಂಗಸರ ರಕ್ತ ಏರಲಿಲ್ಲ. ಇಳಿಯಿತು. ಹೊಟ್ಟೆ ಹಿಂಡುತ್ತದೆ ಎಂದರು, ತಲೆ ಸಿಡಿಯುತ್ತದೆ ಎಂದರು. ಅವಳು ಪಾತ್ರೆ ದೊಡ್ಡದು ಮಾಡಿಸಿದಳು. ಬೇಡವೆಂದವರಿಗೆ ಪಕ್ಕದಲ್ಲಿ ಕೂತು ತಿನ್ನಿಸಿದಳು. ಮಿಕ್ಕವರಿಗಿಂತ ಹೆಚ್ಚು ತಿಂದವಳು ನಿಧಾನಿಯ ಅಕ್ಕ. ತಮ್ಮನ ಅಡುಗೆ, ನಾಳೆ ನಾದಿನಿಯಾಗಿ ಬರುವವಳ ಒತ್ತಾಯ. ತಟ್ಟೆಯಲ್ಲಿ ಒಂದು ಹನಿ ಬಿಡುತ್ತಿರಲಿಲ್ಲ.

ಒಂದು ಬೆಳಗ್ಗೆ, ಮತ್ತೆ ಕೆಲಸಕ್ಕೆ ಹೋಗತೊಡಗಿದ್ದ ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಎತ್ತಲು ಹೋದಳು. ಬಲಗೈಯ ಮಣಿಕಟ್ಟು ಏಳಲಿಲ್ಲ. ಕೈ ತೋಳಿನಿಂದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಲ್ಯಾಬಿನ ಡಾಕ್ಟರು ಡಯಟಿಷಿಯನ್ನನ್ನು ಕರೆಸಿ ನಿಧಾನವಾಗಿ ಹೇಳಿದರು. "ರಕ್ತದಲ್ಲಿ ಸೀಸ ಇದೆ. ಎಲ್ಲರಿಗೂ. ಗುಂಡು ಆರಿಸಿ ತೆಗೆದರೂ, ಹಕ್ಕಿಗೆ ಬಡಿದಾಗ ಅದರಿಂದ ಸಿಡಿದ ಪುಡಿ ಮಾಂಸದಲ್ಲೇ ಉಳಿಯುತ್ತೆ, ಕಣ್ಣಿಗೆ ಕಾಣಲ್ಲ. ಅದನ್ನ ಹುಳಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಸೀಸ ಕರಗಿ ಸಾರಿಗೆ ಇಳಿಯುತ್ತೆ. ಸೀಸ ಮೈಗೆ ಸೇರಿದರೆ ರಕ್ತ ಕಡಿಮೆಯಾಗುತ್ತೆ, ಕೈಯ ನರವೂ ಸೋಲುತ್ತೆ. ನೀವು ರಕ್ತಹೀನತೆ ಅಂತ ತಿನ್ನಿಸಿದಷ್ಟೂ ಅದೇ ಹೆಚ್ಚಿದೆ."

ಮೂಳೆಯ ಸತ್ವ ಇಳಿಯಲಿ ಎಂದು ತಾನು ಹಾಕಿಸಿದ ಹುಳಿ ಇಳಿಸಿದ್ದು ಏನನ್ನು!

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸಭೆ ಸೇರಿತು. ಕ್ಲಬ್ಬಿನ ಸೆಕ್ರೆಟರಿ ಇಸ್ತ್ರಿ ಹಾಕಿದ ಕೋಟಿನಲ್ಲಿ ಬಂದಿದ್ದ. ಕುರ್ಚಿಗಳೆಲ್ಲ ತುಂಬಿದ್ದವು, ನಿಧಾನಿ ಗೋಡೆಗೆ ನಿಂತಿದ್ದ. ಗುಂಡು ಹೊಡೆದವರು ಯಾರು, ಸೀಸದ ಗುಂಡೇ ಏಕೆ, ನೀವು ತಿನ್ನದ ಚಿಂದಿ ಹಕ್ಕಿಯನ್ನು ಆಳುಗಳು ತಿನ್ನಬಹುದೆಂದು ನಿರ್ಧರಿಸಿದವರು ಯಾರು? ಇದಾವುದನ್ನೂ ಯಾರೂ ಕೇಳಲಿಲ್ಲ. ಬಂದೂಕು ಆ ಕೋಣೆಯೊಳಗೆ ಬರಲೇ ಇಲ್ಲ. ಪಾತ್ರೆ ಮಾತ್ರ ಬಂತು.

"ವಿನೆಗರ್ ಹಾಕು ಅಂತ ನಿನಗೆ ಹೇಳಿದ್ದು ಯಾರಪ್ಪಾ?" ಸೂಪರಿಂಟೆಂಡೆಂಟರು ಕೇಳಿದರು.

ನಿಧಾನಿ ಅವಳತ್ತ ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ದೂರೂ ಇರಲಿಲ್ಲ. ಒಲೆಯ ಮುಂದೆ ಕೂತು ಕಾಯುತ್ತಾನಲ್ಲ, ಹಾಗೆ ಕಾಯುತ್ತಿದ್ದ. ಅವಳ ನಾಲಗೆ ಅಂಗುಳಿಗೆ ಅಂಟಿತ್ತು. ಕಷ್ಟಪಟ್ಟು ಪಡೆದ ಕೆಲಸ, ಬಾಗಿಲ ಮೇಲಿನ ತನ್ನ ಬೋರ್ಡು, ಅಮ್ಮನ ಮುಖ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು.

"ಯಾರೂ ಹೇಳಿಲ್ಲ ಸರ್," ಎಂದ ಅವನು. "ನನಗೇ ತೋಚಿತು."

"ಮೇಡಂ, ನೀವೇನಾದರೂ ಹೇಳೋದಿದೆಯಾ?"

"ಇಲ್ಲ ಸರ್."

ಎರಡೇ ಪದ. ಮಧ್ಯಾಹ್ನದೊಳಗೆ ಅವನು ಏಪ್ರನ್ ಬಿಚ್ಚಿಟ್ಟು ಹಿಂಬಾಗಿಲಿಂದ ಹೊರಬಿದ್ದ. ಸಂಜೆ ಕ್ಲಬ್ಬಿನ ಹುಲ್ಲಿನ ಮೇಲೆ ಹಕ್ಕಿಗಳು ಎಂದಿನಂತೆ ಸಾಲಾಗಿ ಮಲಗಿದವು.

ಮಾರನೆಯ ದಿನ ಅವಳು ಅವರ ಒಂದು ಕೋಣೆಯ ಮನೆಗೆ ಹೋದಳು. ಅಕ್ಕ ಕಿಟಕಿಯ ಬಳಿ ಕೂತು ಎಡಗೈಯಲ್ಲಿ ಅನ್ನ ಕಲಸುತ್ತಿದ್ದಳು. ಅರ್ಧ ತಟ್ಟೆಯಲ್ಲಿ, ಅರ್ಧ ಸೀರೆಯ ಮೇಲೆ.

"ನಾನು ತಿನ್ನಿಸ್ಲಾ ಅಕ್ಕಾ?"

"ಸಾಕಮ್ಮ," ಅಕ್ಕ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ತಿನ್ನಿಸಿದ್ದು ಸಾಕು."

ನಿಧಾನಿ ಚೀಲಕ್ಕೆ ತನ್ನ, ಅಕ್ಕನ ಬಟ್ಟೆ ತುಂಬುತ್ತಿದ್ದ. ಹೆದ್ದಾರಿಯ ಪಕ್ಕದ ಯಾವುದೋ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತ್ತು; ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಹೊರಡುವವರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಅತ್ತಳು. "ಈಗಲೇ ಹೋಗಿ ಸೂಪರಿಂಟೆಂಡೆಂಟರಿಗೆ ಹೇಳ್ತೀನಿ. ಎಲ್ಲಾ ನನ್ನದೇ ಅಂತ."

"ಅವರಿಗೆ ಹೇಳಿ ಏನು? ಫ್ಯಾನ್ ಜೋರು ಮಾಡ್ಕೊಂಡು ಕೂತ್ಕೋತಾರೆ. ತಿಂದೋರಿಗೆ ಹೇಳು." ಅವನು ಚೀಲದ ದಾರ ಎಳೆದು ಗಂಟು ಹಾಕಿದ. "ನಿನ್ನೆ ನಾನು ಬೇಕಂತಲೇ ನಿಧಾನ ಮಾಡಿದೆ. ನನಗೇ ತೋಚಿತು ಅಂದ ಮೇಲೂ ಕಾದೆ. ಈಗ ಬಾಯಿ ಬಿಡ್ತಾಳೆ, ಈಗ ಬಿಡ್ತಾಳೆ ಅಂತ."

"ನಿನ್ನನ್ನ ಪ್ರೀತಿಸ್ತೀನಿ ಕಣೋ."

ಹಂಗಾಮಿನುದ್ದಕ್ಕೂ ನಾಲಗೆಯ ತುದಿಯಲ್ಲಿದ್ದ ಆ ಮಾತು ಈಗ ಬಂತು. ಅವನು ಅವಳ ಕನ್ನಡಕ ತೆಗೆದು, ತನ್ನ ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಅವಳ ಕಿವಿಗಳಿಗೆ ಸಿಕ್ಕಿಸಿದ. ಎಷ್ಟು ಮೆಲ್ಲಗೆಂದರೆ ಅವಳಿಗೆ ಅಳು ಇನ್ನೂ ಜೋರಾಯಿತು.

"ಗೊತ್ತು," ಎಂದ. "ನಾನೂ. ಆದ್ರೆ ನಾಳೆ ಯಾವುದಾದ್ರೂ ರೂಮಲ್ಲಿ ಯಾರಾದ್ರೂ ನನ್ನನ್ನ ಗೋಡೆಗೆ ನಿಲ್ಲಿಸ್ತಾರೆ. ನೀನು ಕುರ್ಚಿ ಮೇಲಿರ್ತೀಯ. ಆಗ ನಾನು ನಿನ್ನ ಮುಖ ನೋಡಬೇಕಾಗುತ್ತೆ. ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ."

ಅವಳು ಅಲ್ಲಿಂದ ನೇರ ಲಾಂಡ್ರಿಗೆ ನಡೆದಳು. ಊಟದ ಹೊತ್ತು. ಒದ್ದೆ ಚಾದರಗಳ ನಡುವೆ ಹೆಂಗಸರು ಡಬ್ಬಿ ಬಿಚ್ಚಿ ಕೂತಿದ್ದರು. ಅವಳು ನಿಂತೇ ಹೇಳಿದಳು. ಹುಳಿ ಹಾಕಿಸಿದ್ದು ತಾನು. ರಕ್ತ ಇಳಿದಾಗ ಇನ್ನಷ್ಟು ತಿನ್ನಿಸಿದ್ದು ತಾನು. ಕೇಳಿದಾಗ ಇಲ್ಲ ಸರ್ ಎಂದದ್ದೂ ತಾನು. ಅವನು ಹೊತ್ತುಕೊಂಡು ಹೋದದ್ದು ತನ್ನ ತಪ್ಪನ್ನು.

ಬಾಯ್ಲರಿನ ಹಬೆ ಬುಸುಗುಟ್ಟುತ್ತಿತ್ತು. ಅವಳು ಬೈಗುಳಕ್ಕಾಗಿ ಕಾದಳು, ಸಿಗಲಿಲ್ಲ. ಅಲ್ಲಿಂದ ಹೊರಬಿದ್ದವಳು ಬಸ್‌ಸ್ಟಾಪಿನತ್ತ ಓಡಿದಳು. ಬಸ್ಸಿನೊಳಗೆ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ಜೋತ ಕೈಯನ್ನು ಎತ್ತಿ ಅವಳ ಮಡಿಲಲ್ಲಿಟ್ಟು ಸರಿಪಡಿಸುತ್ತಿದ್ದ ಅವನ ಬೆನ್ನು ಕಂಡಿತು. ಅವಳು ಕೂಗಲು ಬಾಯಿ ತೆರೆದಳು. ಬಸ್ಸು ಹೊರಟಿತು. ಅವನು ತಿರುಗಿ ನೋಡಿದನೋ ಇಲ್ಲವೋ, ಗಾಜಿನ ಮೇಲೆ ಬಿಸಿಲು ಬಿದ್ದು ತಿಳಿಯಲಿಲ್ಲ.

ಹಿಂದೆ ಚಪ್ಪಲಿಗಳ ಸದ್ದಾಯಿತು. ಲಾಂಡ್ರಿಯ ಹೆಂಗಸರಲ್ಲಿ ಹಿರಿಯಳು ಏದುಸಿರು ಬಿಡುತ್ತ ಬಂದಿದ್ದಳು. ಅವಳ ಹಿಂದೆ ಇನ್ನೂ ನಾಲ್ಕಾರು ಮಂದಿ.

"ನಾಳೆ ಎಲ್ಲರೂ ಕ್ಲಬ್ಬಿನ ಗೇಟಿಗೆ ಹೋಗ್ತಿದ್ದೀವಿ. ಹೊಡೆದೋರನ್ನೂ ಕೇಳಬೇಕಲ್ಲ? ಒಳಗೆ ನಮಗೆ ಹೇಳಿದ್ದನ್ನ ನೀವು ಅಲ್ಲಿ ಅವರೆದುರಿಗೆ ಹೇಳ್ತೀರಾ?"

"ಹೇಳ್ತೀನಿ," ಎಂದಳು ಅವಳು.

ಎಷ್ಟು ಸಲೀಸಾಗಿ ಬಂತು ಆ ಮಾತು. ನಾಲಗೆ ಅಂಟಲಿಲ್ಲ. ಅವಳು ಆಗಷ್ಟೇ ಬಸ್ಸು ಮರೆಯಾದ ತಿರುವನ್ನು ನೋಡುತ್ತ, ತನ್ನ ದನಿ ತನಗೇ ಕೇಳುವಂತೆ ಇನ್ನೊಮ್ಮೆ ಹೇಳಿದಳು: "ಹೇಳ್ತೀನಿ."