ಅತ್ತೆಯ ಡಚ್ ಚೀಟಿಗಳು

“ಥೂ, ಮತ್ತೆ ತಪ್ಪು!” ಅಂಜಲಿ ಅತ್ತೆ ಮೊಬೈಲನ್ನು ಚಾಪೆಯ ಮೇಲೆ ಒಗೆದಳು.

“ಏನಾತು ಅತ್ತೆ?” ಯಶೋದಾ ಏನೂ ಅರಿಯದವಳ ಹಾಗೆ ಕೇಳಿದಳು.

“‘ನಾನು ಇವತ್ತು ಹಾಲು ಕುಡಿದಿದೀನಿ.’ ಇಷ್ಟನ್ನ ಡಚ್‌ನಾಗೆ ಹೇಳಕ್ಕೆ ಬರವಲ್ದು ಕಣೇ. ಪದ ಎಲ್ಲಾ ಗೊತ್ತು, ಜೋಡಿಸಕ್ಕೆ ಆಗ್ತಿಲ್ಲ.”

ಅತ್ತೆ ಹೊಸದುರ್ಗದ ಒಂದು ನರ್ಸಿಂಗ್ ಹೋಮ್‌ನಲ್ಲಿ ನರ್ಸ್. ನೆದರ್‌ಲ್ಯಾಂಡ್ಸ್‌ನ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ತಯಾರಿತ್ತು. ಆದರೆ ಮೊದಲು ಡಚ್ ಭಾಷೆಯ ಟೆಸ್ಟ್ ಪಾಸಾಗಬೇಕು. ಒಂದು ಸಲ ಫೇಲಾಗಿತ್ತು. ನಾಳೆ ಸೋಮವಾರ ಕೊನೆಯ ಚಾನ್ಸ್.

ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ ಚೀಟಿಗಳನ್ನು ಅತ್ತೆ ಮತ್ತೆ ಸಾಲಾಗಿ ಇಟ್ಟಳು. ‘ಇಕ್’ ಅಂದರೆ ನಾನು. ‘ಫಂದಾಖ್’ ಇವತ್ತು. ‘ಮೆಲ್ಕ್’ ಹಾಲು. ಕೊನೆಯಲ್ಲಿ ‘ಹೆಪ್’, ‘ಖೆದ್ರೊಂಕನ್’. ಆ ಎರಡೂ ಸೇರಿದರೆ ‘ಕುಡಿದಿದೀನಿ’. ಅತ್ತೆ ಬಾಯಿ ತುಂಬಾ ಓದಿದಳು.

“ಕುರಿಗೆ ಕೆಮ್ಮು ಹತ್ತಿದಂಗೈತಲ್ಲೇ ಆ ಭಾಷೆ!” ಜಗಲಿಯಿಂದ ಚಿತ್ರಲಿಂಗಪ್ಪ ತಾತ ನಕ್ಕ. ತಾತನಿಗೆ ಲೋಕದಲ್ಲಿ ಎಲ್ಲವೂ ಕುರಿಯ ಹಾಗೇ ಕಾಣುತ್ತಿತ್ತು.

ಯಶೋದಾಳಿಗೆ ಉತ್ತರ ಗೊತ್ತಿತ್ತು. ಹೋದ ಭಾನುವಾರ ಅವಳು ಕುರಿಯ ಜೊತೆ ಹೋಗಿದ್ದಳು. ಕುರಿ ಹೊರಟರೆ ಮೊದಲು ಗಂಟೆ ಕಟ್ಟಿದ ಹೋತ, ಅದರ ಹಿಂದೆಯೇ ತಾತ, ಆಮೇಲೆ ಕುರಿಗಳು, ಕಟ್ಟಕಡೆಗೆ ಪಾಲಣ್ಣ ಚಿಕ್ಕಪ್ಪ. ಆವತ್ತು ತಾತ ಹರಟೆ ಹೊಡೆಯುತ್ತಾ ಚಿಕ್ಕಪ್ಪನ ಪಕ್ಕಕ್ಕೆ ಬಂದುಬಿಟ್ಟ. ಕುರಿಗಳು ಸೀದಾ ಈರಕ್ಕನ ಅವರೆ ಹೊಲಕ್ಕೆ ನುಗ್ಗಿದವು.

“ಇಬ್ರೂ ಹಿಂದೆ ಸೇರ್ಕಂಡ್ರೆ ಮುಂದೆ ನೋಡೋರು ಯಾರಪ್ಪ?” ಈರಕ್ಕ ಇಬ್ಬರಿಗೂ ಸರಿಯಾಗಿ ಮಂಗಳಾರತಿ ಎತ್ತಿದಳು.

ನಗುತ್ತಿದ್ದ ಯಶೋದಾಳಿಗೆ ತಟ್ಟನೆ ಅತ್ತೆಯ ಚೀಟಿಗಳು ನೆನಪಾದವು. ಮನೆಗೆ ಬಂದು ಅತ್ತೆಯ ಪುಸ್ತಕ ನೋಡಿದಳು. ಹೌದು, ಅಲ್ಲಿ ‘ಹೆಪ್’ ಮುಂದಿತ್ತು, ಅದರ ಜೊತೆಗಾರ ಕೊನೆಯಲ್ಲಿದ್ದ.

ಆದರೂ ಅವಳು ಬಾಯಿ ಬಿಡಲಿಲ್ಲ. ಪಾಸಾದರೆ ಅತ್ತೆ ಹೋಗುತ್ತಾಳೆ. ಫೇಲಾದರೆ ಇಲ್ಲೇ ಇರುತ್ತಾಳೆ. ಲೆಕ್ಕ ಬಲು ಸುಲಭವಾಗಿತ್ತು.

ಅತ್ತೆ ಚೀಟಿಗಳನ್ನೆಲ್ಲ ಬಾಚಿ ಕವರಿಗೆ ತುಂಬಿದಳು. “ಸಾಕು. ನಾನು ದಡ್ಡಿನೇ ಇರ್ಬೇಕು, ಬಿಡು.”

ತಮಾಷೆಗೆ ಹೇಳಿದ್ದಾಳೆಂದುಕೊಂಡು ಯಶೋದಾ ತಲೆಯೆತ್ತಿ ನೋಡಿದಳು. ಅತ್ತೆಯ ಕಣ್ಣು ತುಂಬಿತ್ತು. ಎಂಟು ತಿಂಗಳಿಂದ ದಿನಾ ಡ್ಯೂಟಿ ಮುಗಿಸಿ ಬಂದು ಓದಿದ್ದಳು ಪಾಪ. ಯಶೋದಾಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಅವಳು ಕವರನ್ನು ಚಾಪೆಯ ಮೇಲೆ ಸುರಿದಳು. “ತಾತನ್ನೂ ಚಿಕ್ಕಪ್ಪನ್ನೂ ಒಂದೇ ಕಡೆ ನಿಲ್ಸಿದೀಯ ನೀನು. ‘ಹೆಪ್’ ತಾತ. ಹೋತದ ಹಿಂದೆನೇ ಇರ್ಬೇಕು. ಚಿಕ್ಕಪ್ಪ ಕೊನೆಗೆ.”

“ಹಂಗಾದ್ರೆ ‘ಇಕ್’ ಹೋತ. ಅಂದ್ರೆ ನಾನು ಹೋತನೇನೇ?”

“ಗಂಟೆ ಒಂದು ಕಮ್ಮಿ ಐತೆ, ಅಷ್ಟೇ!”

ಅತ್ತೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಮೊಬೈಲಿನ ಡಚ್ ಆ್ಯಪ್‌ಗೆ ಹೇಳಿದಳು: “ಇಕ್ ಹೆಪ್ ಫಂದಾಖ್ ಮೆಲ್ಕ್ ಖೆದ್ರೊಂಕನ್.” ಹಸಿರು ಟಿಕ್ ಬಂತು. ಇನ್ನೊಂದು ವಾಕ್ಯ, ಅದೂ ಸರಿ. ಮತ್ತೊಂದೂ ಸರಿ.

“ಇದು ಯಾವಾಗ ಹೊಳೀತೇ ನಿಂಗೆ?”

“ಹೋದ ಭಾನ್ವಾರ.”

“ವಾರದಿಂದ ಸುಮ್ನಿದ್ಯಾ?”

ಯಶೋದಾ ತಲೆ ತಗ್ಗಿಸಿದಳು. ಅತ್ತೆ ಅವಳ ಜಡೆ ಸರಿಮಾಡಿದಳು.

“ಇನ್ನೂ ನಲವತ್ತು ವಾಕ್ಯ ಅವೆ. ನೀನು ಆಡಕ್ಕೆ ಹೋಗು.”

ನಾಳೆ ಅತ್ತೆ ಪಾಸಾಗುತ್ತಾಳೆಂದು ಯಶೋದಾಳಿಗೆ ಖಾತ್ರಿಯಾಗಿತ್ತು. ಅಳು ಬಂತು. ಮೂಗು ಒರೆಸಿಕೊಂಡು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಮುಂದಿಂದು ಹೇಳು ಅತ್ತೆ,” ಎಂದಳು.