ಕಳಚಿದ ಮೇಲೂ ಬಂದ ಉತ್ತರ

ಡೊಂಬಿವಲಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನನ್ನ ಗಂಡ ಭುಜಂಗರೂ ನಾನೂ ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ನೆಟ್‌ವರ್ಕ್ ಭಾಗವನ್ನು ಬಿಡಿಬಿಡಿ ಮಾಡ್ಯೂಲ್‌ಗಳಾಗಿ ಕಟ್ಟುತ್ತಿದ್ದೆವು. ಬೇರೆ ಕಂಪ್ಯೂಟರ್ “ಇದ್ದೀಯಾ?” ಎಂದರೆ “ಇದ್ದೇನೆ” ಎನ್ನುವ ಮಾಡ್ಯೂಲ್ ಅವರದು. ಅವರು ತೀರಿಕೊಂಡ ಮೇಲೆ ಅದರ ಬದಲಿಗೆ ಹೊಸದನ್ನು ನಾನೇ ಬರೆದೆ.

ಭಾನುವಾರ ಮಧ್ಯಾಹ್ನ ಅದನ್ನು ಕೂಡಿಸಲೆಂದು ಅವರ ಕಂಪ್ಯೂಟರಿನಿಂದ ಹಳೆಯದನ್ನು ಕಳಚಿದೆ. ಆದರೂ ನನ್ನ ಕಂಪ್ಯೂಟರಿನಿಂದ “ಇದ್ದೀಯಾ?” ಎಂದು ಕೇಳಿದಾಗಲೆಲ್ಲ ಅಲ್ಲಿಂದ “ಇದ್ದೇನೆ” ಎಂಬ ಉತ್ತರ ಬರುತ್ತಲೇ ಇತ್ತು. ಮಗಳು ಪ್ರೇಕ್ಷಾ ಅವರ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲನ್ನೇ ಕಿತ್ತಳು. ಅದರ ತುದಿ ಯಾರೋ ಅಂಗೈಯಲ್ಲಿ ಹಿಡಿದಿಟ್ಟಿದ್ದಂತೆ ಬೆಚ್ಚಗಿತ್ತು. ನನ್ನ ಪರದೆಯ ಮೇಲೆ ಉತ್ತರ ನಿಲ್ಲಲಿಲ್ಲ.

“ಅಮ್ಮಾ, ಫಿರ್ ಜವಾಬ್ ಕೌನ್ ದೇ ರಹಾ ಹೈ?” ಹಾಗಾದರೆ ಉತ್ತರ ಕೊಡುತ್ತಿರುವುದು ಯಾರೆಂದು ಅವಳು ಹಿಂದಿಯಲ್ಲಿ ಕೇಳಿದಳು.

“ಕೊಡ್ಲಿ ಮಗಾ, ನೀನು ಸುಮ್ಮನಿರು.”

ಹೊಸದನ್ನು ಪರೀಕ್ಷಿಸಿ ಕಳಿಸೆಂದು ಈ ಕೆಲಸದಲ್ಲಿ ಜೊತೆಗಿರುವವರು ಕೇಳುತ್ತಲೇ ಇದ್ದಾರೆ. ನಾನಿನ್ನೂ ಕೂಡಿಸಿಲ್ಲ. ಕೂಡಿಸಿದ ಮೇಲೆ ಬರುವ ಉತ್ತರ ನನ್ನ ಮಾಡ್ಯೂಲಿನದೋ ಅವರದೋ ಎಂದು ಹೇಳಲಾಗದು.