ಖಾಲಿ ಉಳಿದ ಎರಡು ಸೀಟು

“ಫೈರ್! ಫೈರ್!” ಎಂದು ಟೀಚರ್ ಕೈಗಂಟೆ ಬಾರಿಸಿದ್ದೇ ತಡ, ಅಮೆರಿಕದ ಪ್ಲಿಮತ್‌ನ ಆ ಶಾಲೆಯ ಜಿಮ್ ತುಂಬ ಗಲಾಟೆಯೋ ಗಲಾಟೆ.

ನೆಲದ ಮೇಲೆ ಕೆಂಪು ಟೇಪು ಅಂಟಿಸಿದ ಜಾಗವೇ ಉರಿಯುತ್ತಿರುವ ಹಡಗು. ನೀಲಿ ಟೇಪಿನದು ಕಾಪಾಡಲು ಬಂದ ದೋಣಿ. ನೂರೆಪ್ಪತ್ತು ವರ್ಷಗಳ ಹಿಂದೆ ಇಲ್ಲಿನ ದೊಡ್ಡ ಸರೋವರಗಳಲ್ಲಿ ಪ್ರಯಾಣಿಕರ ಹಡಗುಗಳಿಗೆ ಹೀಗೆ ಬೆಂಕಿ ಬೀಳುತ್ತಿತ್ತಂತೆ. ಸರೋವರ ಅಂದರೆ ನಮ್ಮೂರ ಕೆರೆ ಅಂದುಕೊಳ್ಳಬೇಡಿ. ಆಚೆ ದಡವೇ ಕಾಣದು, ಥೇಟ್ ಸಮುದ್ರ! ಐದನೇ ಕ್ಲಾಸಿನವರು ಇವತ್ತು ಅದನ್ನೇ ಆಡಿ ತೋರಿಸುತ್ತಿದ್ದರು.

ದೋಣಿಯ ಕ್ಯಾಪ್ಟನ್ ನಮ್ಮ ನೀಲಾಂಬಿಕಾ. ಶಾಲೆಯಲ್ಲಿ ಬರೀ ನೀಲಾ. ಇರುವುದು ಹತ್ತು ಸೀಟು. ಅವಳು ಕರೆದವರೇ ಹತ್ತಬೇಕು.

“ಎಮ್ಮಾ, ಕಮ್! ಕ್ವಿಕ್, ಕ್ವಿಕ್!”

ಎಂಟು ಜನ ಹತ್ತಿದರು. ಆಗ ಕೆಂಪು ಟೇಪಿನ ತುದಿಯಿಂದ ಇರಮ್ ಕೂಗಿದಳು: “ನೀಲಾ! ನಾನೂ ಬರ್ಲೇನು? ನನ್ನೂ ಕರ್ಕೋ!”

ಇರಮ್ ಹುಬ್ಬಳ್ಳಿಯಿಂದ ಬಂದು ಎರಡೇ ತಿಂಗಳು. ಇಂಗ್ಲಿಷ್ ಕೇಳಿದರೆ ತಿಳಿಯುತ್ತದೆ, ಮಾತಾಡಲು ಮಾತ್ರ ನಾಲಿಗೆ ಏಳದು. ದಿನಾ ಸಂಜೆ ನೀಲಾಳ ಮನೆಯಲ್ಲಿ ಇಬ್ಬರೂ ಕೂತು ಕನ್ನಡದಲ್ಲಿ ಹರಟುತ್ತಾರೆ.

“ವಾಟ್ ಡಿಡ್ ಶೀ ಸೇ?” ಎಮ್ಮಾ ಕೇಳಿದಳು. ಪಕ್ಕದವಳು ಕಿಸಕ್ಕನೆ ನಕ್ಕಳು.

ನೀಲಾಳ ಕಿವಿ ಬಿಸಿಯಾಯಿತು. ತನ್ನನ್ನೂ ನೋಡಿ ನಕ್ಕರೆ?

“ಐ ಡೋಂಟ್ ನೋ,” ಎಂದುಬಿಟ್ಟಳು.

ಟೀಚರ್ ಮತ್ತೆ ಗಂಟೆ ಬಾರಿಸಿದರು. ಟೈಮ್ ಮುಗಿದಿತ್ತು.

“ನೀಲಾ, ಇನ್ನೂ ಎರಡು ಸೀಟು ಖಾಲಿ ಇದೆಯಲ್ಲ? ಇರಮ್ ಯಾಕೆ ಅಲ್ಲೇ ಉಳಿದಳು?” ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು.

“ಅವಳು ಹೇಳಿದ್ದು ನನಗೆ ಅರ್ಥ ಆಗ್ಲಿಲ್ಲ,” ನೀಲಾಳೂ ಇಂಗ್ಲಿಷಿನಲ್ಲೇ ಹೇಳಿದಳು.

ಅಯ್ಯೋ, ಎಂಥ ಮಾತು ಆಡಿದಳು! ಇರಮ್ ಅವಳನ್ನು ಒಮ್ಮೆ ನೋಡಿದಳು. ಆಮೇಲೆ ಬಗ್ಗಿ, ಸರಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

“ಆ ಹಡಗುಗಳಲ್ಲೂ ದೂರದ ದೇಶದಿಂದ ಬಂದವರು ಬಹಳ ಇದ್ದರು,” ಎಂದರು ಟೀಚರ್. “ಅವರು ಕೂಗಿದ್ದು ಎಷ್ಟೋ ಸಲ ಯಾರಿಗೂ ಅರ್ಥವಾಗುತ್ತಿರಲಿಲ್ಲ.”

ನೀಲಾಳಿಗೆ ಸಂಕಟವಾಯಿತು. ತನಗೆ ಅರ್ಥವಾಗಿತ್ತಲ್ಲ!

ಶಾಲೆ ಬಿಟ್ಟ ಮೇಲೆ ಇರಮ್‌ಳ ಅಮ್ಮ ನೂರ್‌ಜಹಾನ್ ಆಂಟಿ ಎಂದಿನಂತೆ ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡರು. ದಿನಾ ನೀಲಾಳಿಗೆ ಅಂಟಿಕೊಂಡು ಕೂರುತ್ತಿದ್ದ ಇರಮ್ ಇವತ್ತು ಆಚೆ ಕಿಟಕಿಯ ಪಕ್ಕ ಹೋಗಿ ಕೂತಳು. ನಡುವಿನ ಸೀಟು ಖಾಲಿ ಉಳಿಯಿತು.

“ಇರಮ್, ಸಾರಿ,” ನೀಲಾ ಪಿಸುಗುಟ್ಟಿದಳು. ಇರಮ್ ಕಿಟಕಿಯಾಚೆಯೇ ನೋಡುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಗಟ್ಟಿಯಾಗಿಯೇ ಕೇಳಿದಳು, “ಸಂಜೀಕ ನಮ್ಮನೀಗೆ ಬರ್ತಿ ಅಲ್ಲಾ?”

ಇರಮ್ ಒಂದೊಂದೇ ಪದ ಹುಡುಕಿ ಜೋಡಿಸಿದಳು. “ನೋ... ಥ್ಯಾಂಕ್ ಯೂ. ಐ ಹ್ಯಾವ್... ಹೋಮ್‌ವರ್ಕ್.”

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸಿತು ನೀಲಾಳಿಗೆ.

ಆಂಟಿ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ಹಿಗ್ಗಿದರು. “ಅಬ್ಬಬ್ಬಾ! ನಮ್ಮ ಇರಮ್ ಇಂಗ್ಲಿಷ್ ಮಾತಾಡಾಕತ್ತಾಳ! ಎಲ್ಲಾ ನಿನ್ನಿಂದನ ನೋಡವಾ ನೀಲಾ. ನೀನ ಕಲಿಸಿದಿ.”

ನೀಲಾ ಖಾಲಿ ಸೀಟನ್ನೇ ನೋಡುತ್ತ ಕೂತಳು. ಹೌದು, ಕಲಿಸಿದ್ದು ತಾನೇ.